ಕೆಸರೋ ಮರಳೋ: ಕಡಲ ತಳದ ಬಗ್ಗೆ ಸದ್ದು ಎಷ್ಟು ಹೇಳಬಲ್ಲದು?

ಪ್ರಶ್ನೆ: ನಮ್ಮದು ಮಲ್ಪೆಯಲ್ಲಿ ಟ್ರಾಲ್ ಬೋಟ್ ಇರುವ ಮನೆ. ಸದ್ದು ಬಿಟ್ಟು ಪ್ರತಿಧ್ವನಿಯಿಂದ ಮೀನು ಹುಡುಕುವ ಫಿಶ್ ಫೈಂಡರ್ ಪರದೆ ನೋಡಿಯೇ ಅಪ್ಪ ಅಡಿಯಲ್ಲಿ ಕೆಸರಿದೆಯೋ, ಮರಳೋ, ಕಲ್ಲೋ ಎಂದು ಹೇಳುತ್ತಾರೆ. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಈಗ ನೀರೊಳಗೆ ತಾನಾಗಿಯೇ ಓಡುವ ಎಯುವಿ ಯಂತ್ರಗಳು ಸೋನಾರ್ ಹಿಡಿದು ಕಡಲ ತಳದ ಮಣ್ಣಿನ ಗುಣವನ್ನೇ ನಕ್ಷೆ ಮಾಡುತ್ತವೆ ಎಂದು ಓದಿದೆ. ಅಪ್ಪ ನೋಡುವುದಕ್ಕಿಂತ ಹೆಚ್ಚಿಗೆ ಅವು ಏನನ್ನು ನೋಡುತ್ತವೆ? ಮಣ್ಣು ಮೇಲೆತ್ತಿ ನೋಡದೆ ಮಾಡಿದ ನಕ್ಷೆಯನ್ನು ಎಷ್ಟು ನಂಬಬಹುದು? ಇದೇ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವ ಆಸೆಯಿದೆ.

ಉತ್ತರ: ನಿಮ್ಮ ತಂದೆಯವರು ಮಾಡುತ್ತಿರುವುದು ಅಪ್ಪಟ ಜಲಧ್ವನಿ ವಿಜ್ಞಾನ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಅವರ ಪರದೆಯಲ್ಲಿ ತಳದ ಗೆರೆ ಒಂದಿರುತ್ತದೆ. ಅಡಿ ಗಟ್ಟಿಯಿದ್ದ ಕಡೆ ಸರಿಯಾಗಿ ಎರಡರಷ್ಟು ಆಳದಲ್ಲಿ ಇನ್ನೊಂದು ಮಸುಕಾದ ಗೆರೆ ಮೂಡುತ್ತದೆ. ತಳಕ್ಕೆ ಬಡಿದು ಮೇಲೆ ಬಂದ ಸದ್ದು ನೀರಿನ ಮೇಲ್ಮೈಗೆ ತಾಗಿ, ಮತ್ತೆ ಕೆಳಗಿಳಿದು, ಎರಡನೇ ಸಲ ತಳಕ್ಕೆ ಬಡಿದು ಬಂದಿದ್ದು ಅದು. ಕೆಸರಿನ ಮೇಲೆ ಬೋಟ್ ಹೋದಾಗ ಈ ಎರಡನೇ ಗೆರೆ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಕಾರಣವನ್ನು ಕಾಗದದ ಮೇಲೆ ನೀವೇ ಲೆಕ್ಕ ಹಾಕಬಹುದು. ಒಂದು ವಸ್ತುವಿನ ಸಾಂದ್ರತೆಯನ್ನು ಅದರಲ್ಲಿ ಸದ್ದು ಓಡುವ ವೇಗದಿಂದ ಗುಣಿಸಿದರೆ ಸಿಗುವುದು ಇಂಪೀಡೆನ್ಸ್. ಸಮುದ್ರದ ನೀರಿಗೆ ಸಾಂದ್ರತೆ ಘನಮೀಟರಿಗೆ 1,025 ಕಿಲೋ, ವೇಗ ಸೆಕೆಂಡಿಗೆ 1,500 ಮೀಟರ್ ಎಂದಿಟ್ಟುಕೊಳ್ಳಿ. ನುಣುಪಾದ ಕೆಸರಿಗೆ 1,450 ಕಿಲೋ ಮತ್ತು 1,480 ಮೀಟರ್. ಮರಳಿಗೆ 1,950 ಕಿಲೋ ಮತ್ತು 1,700 ಮೀಟರ್. ನೇರವಾಗಿ ಕೆಳಗೆ ಬಿಟ್ಟ ಸದ್ದಿನ ಶಕ್ತಿಯಲ್ಲಿ ಕೆಸರು ವಾಪಸು ಕಳಿಸುವುದು ನೂರಕ್ಕೆ ಸುಮಾರು 3 ಪಾಲು, ಮರಳು ಸುಮಾರು 13 ಪಾಲು. ಮೊದಲ ಪ್ರತಿಧ್ವನಿಯಲ್ಲಿ ಐದು ಪಟ್ಟು ವ್ಯತ್ಯಾಸ, ಅಂದರೆ 7 ಡೆಸಿಬಲ್. ಎರಡನೆಯದು ತಳಕ್ಕೆ ಎರಡು ಸಲ ಬಡಿದಿರುವುದರಿಂದ ಅದೇ ವ್ಯತ್ಯಾಸ ಸುಮಾರು 25 ಪಟ್ಟಾಗುತ್ತದೆ. ಕಣ್ಣಿಗೆ ಎದ್ದು ಕಾಣುವುದು ಅದಕ್ಕೇ. ಸ್ಕಾಟ್ಲೆಂಡಿನಲ್ಲಿ 1980ರ ದಶಕದಲ್ಲಿ ಬಂದ ರಾಕ್ಸ್‌ಆನ್ ಎಂಬ ಉಪಕರಣ ಇದನ್ನೇ ಯಂತ್ರಕ್ಕೆ ಕಲಿಸಿತು: ಮೊದಲ ಪ್ರತಿಧ್ವನಿಯ ಬಾಲದಿಂದ ತಳದ ಒರಟುತನ, ಇಡೀ ಎರಡನೇ ಪ್ರತಿಧ್ವನಿಯಿಂದ ಗಡಸುತನ.

ಕೆಸರಿನ ವೇಗ ನೀರಿಗಿಂತಲೂ ಕಡಿಮೆ ಎಂದು ಬರೆದಿದ್ದು ಕೈತಪ್ಪಿನಿಂದಲ್ಲ. ಬಹಳ ಜನಕ್ಕೆ ಇದು ಮೊದಲ ಸಲ ಒಪ್ಪಿಗೆಯಾಗುವುದಿಲ್ಲ. ನೀರು ಮತ್ತು ಮಣ್ಣು ಸೇರಿದರೆ ವೇಗ ಎರಡರ ನಡುವೆ ಇರಬೇಕಲ್ಲ ಎನ್ನುತ್ತಾರೆ. ನುಣ್ಣನೆಯ ಜೇಡಿಯ ಕೆಸರಿನಲ್ಲಿ ಗಾತ್ರದ ಮುಕ್ಕಾಲು ಪಾಲು ಬರೀ ನೀರು. ಕಣಗಳು ಅದರೊಳಗೆ ತೇಲಿದಂತಿರುತ್ತವೆ, ಒಂದಕ್ಕೊಂದು ಆತು ಭಾರ ಹೊರುವುದಿಲ್ಲ. ಒತ್ತಿದರೆ ಕುಗ್ಗುವ ಗುಣ ಹೆಚ್ಚುಕಡಿಮೆ ನೀರಿನದೇ ಉಳಿಯುತ್ತದೆ, ತೂಕ ಮಾತ್ರ ಏರುತ್ತದೆ. ವೇಗವೆಂದರೆ ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ತೆಗೆದ ವರ್ಗಮೂಲ. ಬಿಗಿತ ಅಷ್ಟೇ ಇದ್ದು ಸಾಂದ್ರತೆ ಏರಿದರೆ ವೇಗ ಇಳಿಯಲೇಬೇಕು. ವುಡ್ ಸಮೀಕರಣ ಹೇಳುವುದು ಇಷ್ಟನ್ನೇ. ಮರಳಿನಲ್ಲಿ ಕಣ ಕಣಕ್ಕೆ ಆತುಕೊಂಡು ಒಂದು ಚೌಕಟ್ಟು ಆಗಿರುತ್ತದೆ, ಬಿಗಿತ ಬರುವುದು ಅದರಿಂದ. ಸ್ಯಾನ್ ಡಿಯಾಗೋದ ನೌಕಾಪಡೆ ಪ್ರಯೋಗಾಲಯದಲ್ಲಿದ್ದ ಎಡ್ವಿನ್ ಹ್ಯಾಮಿಲ್ಟನ್ ಕಣದ ಗಾತ್ರ, ರಂಧ್ರತೆ, ಸಾಂದ್ರತೆ, ಶಬ್ದವೇಗ ಇವುಗಳ ನಡುವಿನ ನಂಟನ್ನು ವರ್ಷಗಟ್ಟಲೆ ಕೋರ್ ಮಾದರಿಗಳನ್ನು, ಅಂದರೆ ತಳಕ್ಕೆ ಕೊಳವೆ ಇಳಿಸಿ ತೆಗೆದ ಮಣ್ಣನ್ನು, ಅಳೆದು ಕಟ್ಟಿಕೊಟ್ಟರು. ಅವರ 1980ರ ಲೇಖನ ಇವತ್ತಿಗೂ ಈ ಕೆಲಸದವರ ಮೇಜಿನ ಮೇಲಿರುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಸದ್ದಿಗೆ ಕೆಸರು, ಮರಳು ಎಂಬ ಹೆಸರುಗಳು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಾಂದ್ರತೆ, ವೇಗ, ಒಳಗೆ ಹೋದಂತೆ ಶಕ್ತಿ ಸೋರುವ ಪ್ರಮಾಣ, ಮೇಲ್ಮೈಯ ಒರಟು, ಪದರಗಳ ದಪ್ಪ. ಇವೆಲ್ಲ ಒಂದೇ ಪ್ರತಿಧ್ವನಿಯೊಳಗೆ ಬೆರೆತು ಬರುತ್ತವೆ. ಅಳತೆ ಒಂದು, ತಿಳಿಯಬೇಕಾದ್ದು ಐದಾರು. ತಳದ ಮಣ್ಣಿನ ನಕ್ಷೆ ಮಾಡುವುದೆಂದರೆ ಈ ಗಂಟನ್ನು ಬಿಡಿಸುವುದು. ಅದಕ್ಕೆ ಇರುವ ದಾರಿಗಳು ಎರಡು: ಬೇರೆ ಬೇರೆ ಆವರ್ತನದಲ್ಲಿ ಕೇಳುವುದು, ಬೇರೆ ಬೇರೆ ಕೋನದಲ್ಲಿ ಕೇಳುವುದು.

ಆವರ್ತನದ ಮಾತು ಸುಲಭ. ಮಣ್ಣಿನಲ್ಲಿ ಸದ್ದು ಸೋರುವುದನ್ನು ಒಂದು ತರಂಗದೂರಕ್ಕೆ ಇಷ್ಟು ಡೆಸಿಬಲ್ ಎಂದು ಲೆಕ್ಕ ಇಡುತ್ತೇವೆ. ಕೆಸರಿಗೆ 0.1, ಮರಳಿಗೆ 0.8 ಎಂದು ಹಿಡಿಯಿರಿ. ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಆದರೆ ಅಂದಾಜಿಗೆ ಸಾಕು. 3.5 ಕಿಲೋಹರ್ಟ್ಸ್‌ನ ಸಬ್-ಬಾಟಮ್ ಪ್ರೊಫೈಲರ್ (ತಳದ ಒಳಗಿನ ಪದರಗಳನ್ನು ತೋರಿಸುವ ಸೋನಾರ್) 10 ಮೀಟರ್ ಕೆಸರಿನೊಳಗೆ ಹೋಗಿ ಬರುವಷ್ಟರಲ್ಲಿ ಕಳೆದುಕೊಳ್ಳುವುದು ಬರೀ 5 ಡೆಸಿಬಲ್, ಅಷ್ಟೇ ದಪ್ಪದ ಮರಳಿನಲ್ಲಿ 30ಕ್ಕೂ ಮಿಕ್ಕಿ. ಅದೇ ಕೆಸರಿನೊಳಗೆ ನಿಮ್ಮ ಬೋಟಿನ 200 ಕಿಲೋಹರ್ಟ್ಸ್ ಸದ್ದು ಒಂದೇ ಒಂದು ಮೀಟರ್ ಹೋಗಿ ಬಂದರೆ 27 ಡೆಸಿಬಲ್ ಹೋಯಿತು. ಬಂದರುಗಳಲ್ಲಿ ಹೂಳೆತ್ತುವವರು ಆಳ ಅಳೆಯಲು ಎರಡು ಆವರ್ತನದ ಎಕೋ ಸೌಂಡರ್ ಇಟ್ಟುಕೊಳ್ಳುವುದು ಇದಕ್ಕೇ. ದೋಸೆ ಹಿಟ್ಟಿನಷ್ಟು ತೆಳುವಾದ ಹೂಳಿನ ಮೇಲ್ಮೈಗೇ 200 ಕಿಲೋಹರ್ಟ್ಸ್ ತಿರುಗಿಬಿಡುತ್ತದೆ. 33 ಕಿಲೋಹರ್ಟ್ಸ್ ಅದನ್ನು ದಾಟಿ ಕೆಳಗಿನ ಗಟ್ಟಿ ಪದರವನ್ನು ತೋರಿಸುತ್ತದೆ. ಒಂದೇ ಜಾಗಕ್ಕೆ ಎರಡು ಆಳ! ಹಡಗು ಎಷ್ಟರವರೆಗೆ ಇಳಿಯಬಹುದು ಎನ್ನುವುದಕ್ಕೆ ರೋಟರ್‌ಡ್ಯಾಮ್ ಬಂದರು ಸಾಂದ್ರತೆಯನ್ನೇ ಅಳತೆಗೋಲು ಮಾಡಿಕೊಂಡಿತು. ಘನಮೀಟರಿಗೆ 1,200 ಕಿಲೋ ತಲುಪುವ ಮಟ್ಟವೇ ಅಲ್ಲಿ ತಳ.

ಕೋನದ ಮಾತು ಇದಕ್ಕಿಂತ ಸ್ವಾರಸ್ಯದ್ದು, ಎಯುವಿಯ ಅಗತ್ಯ ಬರುವುದೂ ಇಲ್ಲೇ. ಸದ್ದನ್ನು ನೇರ ಕೆಳಗೆ ಬಿಡದೆ ಓರೆಯಾಗಿ, ತಳವನ್ನು ಸವರಿಕೊಂಡು ಹೋಗುವಂತೆ ಬಿಡಿ. ಮೇಲೆ ಹೇಳಿದ ಮರಳಿನ ಮೇಲೆ ತಳದಿಂದ ಅಳೆದ ಕೋನ ಸುಮಾರು 28 ಡಿಗ್ರಿಗಿಂತ ಕಡಿಮೆಯಾದರೆ ಸದ್ದು ಒಳಗೆ ಹೋಗುವುದೇ ಇಲ್ಲ, ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಆ ತಿರುವು ಯಾವ ಕೋನದಲ್ಲಿದೆ ಎಂದು ಸಿಕ್ಕಿದರೆ ಮರಳಿನ ಶಬ್ದವೇಗ ಸಿಕ್ಕಂತೆ. ಕೆಸರಿನಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ನಮ್ಮ ಉದಾಹರಣೆಯ ಕೆಸರಿನ ಮೇಲೆ ಸುಮಾರು 9.5 ಡಿಗ್ರಿಯಲ್ಲಿ ಬಿದ್ದ ಸದ್ದು ಪ್ರತಿಫಲಿಸುವುದೇ ಇಲ್ಲ, ಹೆಚ್ಚುಕಡಿಮೆ ಪೂರಾ ಒಳಗೆ ಹೋಗಿಬಿಡುತ್ತದೆ. ಕೋನ ಬದಲಾಯಿಸುತ್ತ ಹೋದಾಗ ಪ್ರತಿಧ್ವನಿ ಎಲ್ಲಿ ಅಡಗುತ್ತದೆ, ಎಲ್ಲಿ ಏಳುತ್ತದೆ ಎಂಬುದರಲ್ಲಿ ಸಾಂದ್ರತೆ ಮತ್ತು ವೇಗ ಬೇರೆ ಬೇರೆಯಾಗಿ ಓದಿಸಿಕೊಳ್ಳುತ್ತವೆ. ನೇರ ಕೆಳಗೆ ಮಾತ್ರ ನೋಡುವ ಫಿಶ್ ಫೈಂಡರ್‌ಗೆ ಸಿಗುವುದು ಅವೆರಡರ ಗುಣಲಬ್ಧ ಮಾತ್ರ. ನಿಮ್ಮ ತಂದೆಯವರ ಪರದೆಗೂ ಈ ಯಂತ್ರಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ಆದರೆ ಓರೆ ಕೋನದಲ್ಲಿ ಕೇಳಬೇಕಾದರೆ ಸದ್ದು ಮಾಡುವ ಜಾಗ ಒಂದು ಕಡೆ, ಕೇಳುವ ಹೈಡ್ರೋಫೋನ್ ದೂರದಲ್ಲಿ ಇನ್ನೊಂದು ಕಡೆ ಇರಬೇಕು. ಮೇಲೆ ತೇಲುವ ಹಡಗಿನಿಂದ ಇದನ್ನು ಮಾಡಿದರೆ ಇವೆರಡರ ಅಂತರ ನೂರಾರು ಮೀಟರ್, ಕಿಲೋಮೀಟರ್ ಆಗುತ್ತದೆ. ಅಷ್ಟು ಅಗಲದ ತಳವೆಲ್ಲ ಒಂದೇ ತರಹ ಇದೆ ಎಂದು ಊಹಿಸಿಕೊಂಡೇ ಲೆಕ್ಕ ಮಾಡಬೇಕಾಗುತ್ತದೆ. ಕಡಲ ತಳ ಹಾಗಿರುವುದು ಅಪರೂಪ. ಸಿಸಿಲಿ ಮತ್ತು ಮಾಲ್ಟಾ ನಡುವಿನ ಮಾಲ್ಟಾ ಪ್ರಸ್ಥಭೂಮಿಯಲ್ಲಿ ಜಲಧ್ವನಿ ವಿಜ್ಞಾನಿ ಚಾರ್ಲ್ಸ್ ಹಾಲೆಂಡ್ ಮತ್ತು ಸಂಗಡಿಗರು ಮಾಡಿದ ಕೆಲಸವನ್ನು ನೀವು ಹುಡುಕಿ ಓದಲೇಬೇಕು. ಎಯುವಿಯ ಮೈಯಲ್ಲೇ ಧ್ವನಿಮೂಲ, ಅದರ ಹಿಂದೆ ಎಳೆದುಕೊಂಡು ಹೋಗುವ ಹೈಡ್ರೋಫೋನ್‌ಗಳ ಸಾಲು, ಯಂತ್ರ ಓಡುವುದು ತಳಕ್ಕೆ ಸಮೀಪದಲ್ಲಿ. ಒಂದು ಪಿಂಗ್‌ಗೆ, ಅಂದರೆ ಒಮ್ಮೆ ಬಿಟ್ಟ ಸದ್ದಿಗೆ, ಸಾಲಿನ ಒಂದೊಂದು ಹೈಡ್ರೋಫೋನ್ ಒಂದೊಂದು ಕೋನದ ಪ್ರತಿಫಲನ ಹಿಡಿಯುತ್ತದೆ. ಯಂತ್ರ ಹತ್ತಿರದಲ್ಲಿರುವುದರಿಂದ ಆ ಕೋನಗಳೆಲ್ಲ ತಳದ ಚಿಕ್ಕ ತುಣುಕೊಂದರ ಮೇಲೇ ಬೀಳುತ್ತವೆ. ಮುಂದಿನ ಪಿಂಗ್, ಮುಂದಿನ ತುಣುಕು. ಎಯುವಿ ಕೊಡುವ ನಿಜವಾದ ಲಾಭ ಈ ಸಾಮೀಪ್ಯ. ಅದು ತಾನಾಗಿ ಓಡುತ್ತದೆ ಎಂಬ ಅಚ್ಚರಿಗೆ ಪತ್ರಿಕೆಗಳು ಜಾಸ್ತಿ ಜಾಗ ಕೊಡುತ್ತವೆ. ನನ್ನ ಮಟ್ಟಿಗೆ ಅದು ಎರಡನೆಯ ಮಾತು.

ಸಾಮೀಪ್ಯದ ಬೆಲೆ ಎಷ್ಟು ಎಂಬುದಕ್ಕೂ ಲೆಕ್ಕವಿದೆ. 20 ಡಿಗ್ರಿ ಅಗಲದ ಫಿಶ್ ಫೈಂಡರ್ ಕಿರಣ 50 ಮೀಟರ್ ಆಳದಲ್ಲಿ ಸುಮಾರು 18 ಮೀಟರ್ ಅಗಲದ ವೃತ್ತವನ್ನು ಒಟ್ಟಿಗೆ ಕೇಳುತ್ತದೆ. ಅದರೊಳಗೆ ಕಲ್ಲು, ಕೆಸರು, ಚಿಪ್ಪು ಏನಿದ್ದರೂ ಒಂದೇ ಉತ್ತರ. ಒಟ್ಟಿಗೆ ಹಲವು ಸಪೂರ ಕಿರಣಗಳಲ್ಲಿ ಕೇಳುವ ಮಲ್ಟಿಬೀಮ್ ಸೋನಾರ್‌ನ ಒಂದು ಡಿಗ್ರಿಯ ಕಿರಣ 100 ಮೀಟರ್ ಮೇಲಿಂದ 1.75 ಮೀಟರ್ ತುಣುಕನ್ನು ನೋಡಿದರೆ, ಎಯುವಿಯಲ್ಲಿ ಕೂತು 10 ಮೀಟರ್ ಮೇಲಿಂದ ನೋಡುವಾಗ ಅದು 17 ಸೆಂಟಿಮೀಟರ್. ಅಲೆಯ ಕುಲುಕಾಟವೂ ಕೆಳಗೆ ಕಡಿಮೆ.

ಇದಕ್ಕೆ ತೆರಬೇಕಾದ್ದೂ ಇದೆ. ನೀರೊಳಗೆ ಜಿಪಿಎಸ್ ಬರುವುದಿಲ್ಲ. ತಳಕ್ಕೆ ಡಾಪ್ಲರ್ ಸದ್ದು ಬಿಟ್ಟು ತನ್ನ ವೇಗ ಅಳೆದು, ಗೈರೋದಿಂದ ದಿಕ್ಕು ತಿಳಿದು, ತಾನು ಎಲ್ಲಿದ್ದೇನೆ ಎಂದು ಯಂತ್ರವೇ ಕೂಡಿಸಿಕೊಂಡು ಹೋಗಬೇಕು. ಒಳ್ಳೆಯ ಉಪಕರಣದಲ್ಲೂ ಓಡಿದ ದೂರದ ಸಾವಿರಕ್ಕೆ ಒಂದೆರಡು ಪಾಲು ತಪ್ಪು ಸೇರುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಅದು ಹತ್ತಿಪ್ಪತ್ತು ಮೀಟರ್. ಹದಿನೇಳು ಸೆಂಟಿಮೀಟರ್ ತುಣುಕಿನ ವಿವರ ಕೈಯಲ್ಲಿದ್ದರೂ ಆ ತುಣುಕು ಎಲ್ಲಿದೆ ಎಂಬುದು ಅಷ್ಟು ನಿಖರವಾಗಿರುವುದಿಲ್ಲ. ಹಿಂದೆ ಎಳೆಯುವ ಹೈಡ್ರೋಫೋನ್ ಸಾಲು ಸ್ವಲ್ಪ ಜೋತುಬಿದ್ದರೂ ಕೋನದ ಲೆಕ್ಕ ಕೆಡುತ್ತದೆ. ಕಡಿಮೆ ಆವರ್ತನದ ಧ್ವನಿಮೂಲಗಳು ಭಾರ, ಬ್ಯಾಟರಿಯನ್ನೂ ಹೀರುತ್ತವೆ. ಹಾಗಾಗಿ ಇಬ್ಬರು ಎತ್ತಬಹುದಾದ ಸಣ್ಣ ಎಯುವಿಗಳಲ್ಲಿ ನೀವು ನೋಡುವುದು ಹೆಚ್ಚಾಗಿ ಎರಡೂ ಪಕ್ಕದ ತಳದ ಚಿತ್ರ ತೆಗೆಯುವ ಸೈಡ್‌ಸ್ಕ್ಯಾನ್ ಮತ್ತು ಹೆಚ್ಚಿನ ಆವರ್ತನದ ಸೋನಾರ್‌ಗಳನ್ನು. ಅವು ತಳದ ಮುಖವನ್ನು ಚೆನ್ನಾಗಿ ತೋರಿಸುತ್ತವೆ, ಒಡಲನ್ನು ತೋರಿಸುವುದಿಲ್ಲ.

ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಪರೀಕ್ಷೆ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯದು. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ದಕ್ಷಿಣಕ್ಕೆ, ಮರಳೇ ತುಂಬಿದ, ದಡಕ್ಕೆ ಹೊಂದಿದ ಕಡಿಮೆ ಆಳದ ಕಡಲ ತಳವಾದ ಶೆಲ್ಫ್‌ನ ನಡುವೆ ಕೆಸರಿನ ದೊಡ್ಡ ಹರವೊಂದಿದೆ. ಅದರ ಹೆಸರೇ ನ್ಯೂ ಇಂಗ್ಲೆಂಡ್ ಮಡ್ ಪ್ಯಾಚ್. ನೀರಿನ ಆಳ 70–80 ಮೀಟರ್, ಕೆಸರಿನ ದಪ್ಪ ಕೆಲವು ಕಡೆ ಹತ್ತು ಮೀಟರಿಗೂ ಹೆಚ್ಚು, ಅದರಡಿ ಮರಳು. 2017ರ ವಸಂತದಲ್ಲಿ ಅಮೆರಿಕ ನೌಕಾಪಡೆಯ ಸಂಶೋಧನಾ ಕಚೇರಿಯ ನೆರವಿನಿಂದ, ಪ್ರೆಸ್ಟನ್ ವಿಲ್ಸನ್ ಮತ್ತು ಡೇವಿಡ್ ನೋಬಲ್ಸ್ ಮುಂದಾಳತ್ವದಲ್ಲಿ, ಹಲವು ತಂಡಗಳು ಒಂದೇ ಕೆಸರನ್ನು ತಂತಮ್ಮ ವಿಧಾನದಲ್ಲಿ ಅಳೆದವು. ಆವರ್ತನ ಬದಲಾಯಿಸುತ್ತ ಸದ್ದು ಬಿಡುವ ಚರ್ಪ್ ಸೋನಾರ್‌ನಿಂದ ಪದರಗಳ ನಕ್ಷೆ ಮೊದಲೇ ಆಗಿತ್ತು, ಕೋರ್‌ಗಳನ್ನೂ ತೆಗೆಯಲಾಗಿತ್ತು. ಅದರ ಮೇಲೆ ಕೆಲವರು ಕೆಸರಿನೊಳಗೇ ಸಲಾಕೆ ಚುಚ್ಚಿ ವೇಗ ಅಳೆದರು. ಕೆಲವರು ಅನಿಲ ಉರಿಸಿ ಸ್ಫೋಟದಂಥ ಸದ್ದು ಮಾಡಿ ಕಿಲೋಮೀಟರುಗಟ್ಟಲೆ ದೂರದಲ್ಲಿ ಕೇಳಿದರು. ಹಾದುಹೋಗುವ ಸರಕು ಹಡಗುಗಳ ಗದ್ದಲವನ್ನೇ ಧ್ವನಿಮೂಲ ಮಾಡಿಕೊಂಡವರೂ ಇದ್ದರು.

ಬಂದ ಉತ್ತರಗಳು ದೊಡ್ಡ ಚಿತ್ರದಲ್ಲಿ ಹೊಂದಿದವು: ಕೆಸರಿನ ಶಬ್ದವೇಗ ಅದರ ಮೇಲಿನ ನೀರಿನ ವೇಗಕ್ಕೆ ತೀರ ಹತ್ತಿರ, ತುಸು ಕಡಿಮೆ. ಆದರೆ ಕೆಸರು ಮುಗಿದು ಮರಳು ಶುರುವಾಗುವ ಕಡೆ ಗೆರೆ ಎಳೆದಂತಿಲ್ಲ. ಕೆಳಗೆ ಹೋದಂತೆ ಕೆಸರಿನಲ್ಲಿ ಮರಳು ಬೆರೆಯುತ್ತ ಹೋಗುವ ಒಂದು ಪದರವಿದೆ. ಆ ಪದರವನ್ನು ಲೆಕ್ಕಕ್ಕೆ ಹೇಗೆ ತೆಗೆದುಕೊಂಡೆವು ಎಂಬುದರ ಮೇಲೆ ಉಳಿದ ಸಂಖ್ಯೆಗಳು ಆಚೀಚೆ ಆಗುತ್ತವೆ. ಜಗತ್ತಿನಲ್ಲೇ ಅತಿ ಸೂಕ್ಷ್ಮವಾಗಿ ಅಳೆದ ಕೆಸರುಗಳಲ್ಲೊಂದು ಇದು. ಅಲ್ಲೇ ಹೀಗಿದ್ದ ಮೇಲೆ, ಒಂದೇ ಸೋನಾರ್ ಓಡಿಸಿ ಬಣ್ಣ ತುಂಬಿದ ನಕ್ಷೆ ಮುಂದಿಟ್ಟು ಇಲ್ಲಿ ಕೆಸರು, ಇಲ್ಲಿ ಮರಳು ಎಂದು ಗೆರೆ ಕೊರೆದು ಹೇಳುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಆ ನಕ್ಷೆ ನಂಬಿ ಯಾರೋ ಕೇಬಲ್ ಹೂಳುತ್ತಾರೆ, ಗಾಳಿಯಂತ್ರಕ್ಕೆ ಬುನಾದಿ ಹಾಕುತ್ತಾರೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ ಡಾಸೊ, ಯಾನ್ ಡೆಟ್‌ಮರ್ ಮೊದಲಾದವರು ಬೆಳೆಸಿದ ಬೇಸಿಯನ್ ಇನ್ವರ್ಷನ್ (ಪ್ರತಿಧ್ವನಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ತಳದ ಗುಣ ಕಂಡುಕೊಳ್ಳುವ) ವಿಧಾನವನ್ನು ನಾನು ಮೆಚ್ಚುವುದು ಇದಕ್ಕಾಗಿ. ಎಷ್ಟು ಪದರಗಳಿವೆ ಎಂದು ಮೊದಲೇ ತೀರ್ಮಾನಿಸದೆ, ದತ್ತಾಂಶ ಎಷ್ಟನ್ನು ಸಮರ್ಥಿಸುತ್ತದೋ ಅಷ್ಟನ್ನೇ ಅದು ಒಪ್ಪುತ್ತದೆ. ಉತ್ತರವನ್ನು ಒಂದು ಸಂಖ್ಯೆಯಾಗಿ ಕೊಡದೆ, ಸಂಭವನೀಯತೆಯ ಹರವಾಗಿ ಕೊಡುತ್ತದೆ.

ಇನ್ನು ನಮ್ಮ ಕರಾವಳಿ. ಭಾರತದ ಪಶ್ಚಿಮ ಶೆಲ್ಫ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಸುಮಾರು 50–60 ಮೀಟರ್ ಆಳದವರೆಗೆ ನದಿಗಳು ತಂದ ನುಣ್ಣನೆಯ ಕೆಸರು; ಅದರಾಚೆ ಹಳೆಯ ಮರಳು, ಚಿಪ್ಪು, ಸುಣ್ಣದ ಗಟ್ಟಿ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಮಟ್ಟ ಮತ್ತೆ ಏರುತ್ತ ಬಂದ ಕಾಲದ ದಡಗಳ ಉಳಿಕೆ ಆ ಹೊರಗಿನ ಮರಳು. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 95 ಕಿಲೋಹರ್ಟ್ಸ್ ಮಲ್ಟಿಬೀಮ್‌ನಿಂದ ಈ ಶೆಲ್ಫ್‌ನ ಬ್ಯಾಕ್‌ಸ್ಕ್ಯಾಟರ್, ಅಂದರೆ ತಳ ಹಿಂದಕ್ಕೆ ಚೆದರಿಸುವ ಸದ್ದನ್ನು ಅಳೆದು ಕಣದ ಗಾತ್ರದ ಜೊತೆ ತಾಳೆ ನೋಡಿದ್ದಾರೆ. ಮಾಯಾ ಎಂಬ ಪುಟ್ಟ ಎಯುವಿಯನ್ನೂ ಅಲ್ಲೇ ಕಟ್ಟಿದ್ದಾರೆ.

ಇಲ್ಲಿ ಮೋಸಹೋಗುವ ಸಂದರ್ಭಗಳೂ ನಮ್ಮವೇ. ಮೊದಲನೆಯದು ಅನಿಲ. ಒಳಶೆಲ್ಫ್‌ನ ಕೆಸರಿನಲ್ಲಿ ಜೈವಿಕ ಕಸ ಕೊಳೆತು ಮೀಥೇನ್ ಗುಳ್ಳೆಗಳು ಸಿಕ್ಕಿಕೊಂಡಿರುವ ಪ್ರದೇಶಗಳು ಗೋವಾದ ಆಸುಪಾಸಿನಲ್ಲೂ ದಾಖಲಾಗಿವೆ. ಗುಳ್ಳೆ ತುಸುವೇ ಇದ್ದರೂ ಸಾಕು, ಕೆಸರಿನ ಶಬ್ದವೇಗ ಕುಸಿಯುತ್ತದೆ, ಪ್ರೊಫೈಲರ್ ಚಿತ್ರದಲ್ಲಿ ಅದರ ಕೆಳಗಿನದೆಲ್ಲ ಪರದೆ ಎಳೆದಂತೆ ಮರೆಯಾಗುತ್ತದೆ. ಮೆತ್ತನೆಯ ಕೆಸರು ಗಟ್ಟಿ ನೆಲದಷ್ಟು ಜೋರಾಗಿ ಪ್ರತಿಧ್ವನಿಸುತ್ತದೆ. ಎರಡನೆಯದು ಚಿಪ್ಪು. ಕೆಸರಿನ ಮೇಲೆ ಚಿಪ್ಪಿನ ಚೂರು ಹರಡಿದ್ದರೆ 95 ಕಿಲೋಹರ್ಟ್ಸ್‌ಗೆ, ಅಂದರೆ 1.6 ಸೆಂಟಿಮೀಟರ್ ತರಂಗದೂರಕ್ಕೆ, ಅದು ಜಲ್ಲಿಯ ಹಾಗೆ ಕಾಣುತ್ತದೆ. ಮೂರನೆಯದನ್ನು ಹೊಸಬರು ಮರೆತೇಬಿಡುತ್ತಾರೆ: ತಾಪಮಾನ. ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಆಳದ ತಣ್ಣೀರು ಏರಿಬರುತ್ತದೆ. ನೀರು ಒಂದು ಡಿಗ್ರಿ ತಣಿದರೆ ಶಬ್ದವೇಗ ಸೆಕೆಂಡಿಗೆ 2ರಿಂದ 4 ಮೀಟರ್ ಇಳಿಯುತ್ತದೆ. ಕೆಸರಿಗೂ ನೀರಿಗೂ ನಾವು ಹುಡುಕುತ್ತಿರುವ ವ್ಯತ್ಯಾಸವೇ 20 ಮೀಟರ್ ಆಸುಪಾಸು ಎಂಬುದನ್ನು ನೆನಪಿಟ್ಟುಕೊಳ್ಳಿ. ಕೋರ್ ಮೇಲೆತ್ತಿ ಡೆಕ್ ಮೇಲಿಟ್ಟರೆ ಅದೂ ಬೆಚ್ಚಗಾಗುತ್ತದೆ. ಬಲ್ಲವರು ಬರೀ ವೇಗ ಬರೆಯದೆ, ಅದೇ ತಾಪಮಾನದ ಸಮುದ್ರದ ನೀರಿನ ವೇಗಕ್ಕೆ ಅದರ ಅನುಪಾತವನ್ನು ಬರೆಯುವುದು ಇದಕ್ಕೇ.

ಎಯುವಿ ಇಳಿಸುವುದಕ್ಕೂ ನಮ್ಮಲ್ಲಿ ಬೇರೆಯದೇ ಕಷ್ಟವಿದೆ. ಟ್ರಾಲ್ ಬಲೆ ಓಡುವ ಜಾಗದಲ್ಲಿ ತಳದಿಂದ ಹತ್ತು ಮೀಟರ್ ಮೇಲೆ ಯಂತ್ರ ಓಡಿಸುವುದು ಎಂದರೆ ಅದು ಯಾರದೋ ಬಲೆಗೆ ಸಿಕ್ಕುವ ಅಪಾಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬಲೆಗಳಿರುವುದಿಲ್ಲ, ಆದರೆ ಆಗ ಕಡಲು ಯಂತ್ರ ಇಳಿಸಗೊಡುವುದಿಲ್ಲ. ಮೀನುಗಾರರ ಜೊತೆ ಕೂತು ಮಾತಾಡಿ ದಿನ, ಜಾಗ ಗೊತ್ತುಮಾಡಿಕೊಳ್ಳದೆ ಇಲ್ಲಿ ಈ ಕೆಲಸ ಆಗದು. ನಿಮ್ಮ ಮನೆಯ ಹಿನ್ನೆಲೆ ಇರುವವರು ಈ ಕ್ಷೇತ್ರಕ್ಕೆ ಬರಲಿ ಎಂದು ನಾನು ಮನಸಾರೆ ಬಯಸುವುದಕ್ಕೆ ಇದೂ ಒಂದು ಕಾರಣ.

ಪ್ರಾಜೆಕ್ಟ್ ವಿಷಯ. ಎಯುವಿ ಸಿಗುವವರೆಗೆ ಕಾಯಬೇಡಿ, ಬೋಟಿನ ಫಿಶ್ ಫೈಂಡರ್‌ನಿಂದಲೇ ಶುರು ಮಾಡಿ. ಪ್ರತಿಧ್ವನಿಯ ಮೂಲ ದತ್ತಾಂಶವನ್ನು ದಾಖಲಿಸುವ ಮಾದರಿಯಾದರೆ ಒಳ್ಳೆಯದು. ಇಲ್ಲದಿದ್ದರೆ ಪರದೆಯ ವಿಡಿಯೊ ತೆಗೆದು ಜಿಪಿಎಸ್ ಸಮಯದ ಜೊತೆ ಹೊಂದಿಸಿ. ಆಟೊ ಗೇನ್ ಕಡ್ಡಾಯವಾಗಿ ಆರಿಸಿಡಿ. ಅದು ಪ್ರತಿಧ್ವನಿ ದುರ್ಬಲವಾದಾಗಲೆಲ್ಲ ಗುಟ್ಟಾಗಿ ಜೋರು ಮಾಡಿ, ನೀವು ಅಳೆಯಬೇಕೆಂದಿದ್ದ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ. ಪಲ್ಸ್ ಉದ್ದ, ಆವರ್ತನ, ಬೋಟಿನ ವೇಗ ಒಂದೇ ಇರಲಿ. ದಡಕ್ಕೆ ಸಮಾನಾಂತರವಾಗಿ ಹೋಗದೆ ಅಡ್ಡಲಾಗಿ, 20 ಮೀಟರ್ ಆಳದಿಂದ 70 ಮೀಟರ್ ಆಳದವರೆಗೆ ಗೆರೆ ಓಡಿಸಿ. ಕೆಸರಿನಿಂದ ಮರಳಿಗೆ ದಾಟುವ ಗಡಿ ಅದರಲ್ಲಿ ಬಂದೇ ಬರುತ್ತದೆ. ಆಳ ಹೆಚ್ಚಿದಂತೆ ಎರಡನೇ ಪ್ರತಿಧ್ವನಿ ತಾನಾಗಿಯೇ ಕುಗ್ಗುವುದರಿಂದ ಆಳಕ್ಕೆ ತಕ್ಕ ತಿದ್ದುಪಡಿ ಮಾಡದೆ ಎರಡು ಜಾಗಗಳನ್ನು ಹೋಲಿಸಬೇಡಿ. ಅದೇ ಗೆರೆಯ ಮೇಲೆ ನಿಮ್ಮ ತಂದೆಯವರು ಎಲ್ಲಿ ಏನಿದೆ ಎನ್ನುತ್ತಾರೋ ಅದನ್ನು ನಿಮ್ಮ ಲೆಕ್ಕ ನೋಡುವ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಎರಡನ್ನೂ ತಾಳೆ ನೋಡಿದರೆ ನಿಮ್ಮ ವರದಿಯ ಒಳ್ಳೆಯ ಅಧ್ಯಾಯ ಅದೇ ಆಗಬಹುದು.

ಕಂಪ್ಯೂಟರಿಗೆ ಕಲಿಸಿ ವರ್ಗೀಕರಣ ಮಾಡಿಸುವ ಆಸೆ ಬರುತ್ತದೆ, ಮಾಡಿ. ಒಂದು ಕಡೆ ಕಲಿತ ಮಾದರಿ ಬೇರೆ ಕಡೆ, ಬೇರೆ ಉಪಕರಣದ ಮೇಲೆ ಹಾಗೆಯೇ ನಡೆಯುತ್ತದೆ ಎಂದು ಮಾತ್ರ ತಿಳಿಯಬೇಡಿ.

ಮಣ್ಣು ಮೇಲೆತ್ತದೆ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುವುದಿಲ್ಲ, ಆದರೆ ಎಷ್ಟು ಕಡಿಮೆ ಎತ್ತಿದರೆ ಸಾಕು ಎನ್ನುವುದನ್ನು ಸದ್ದು ಹೇಳಿಕೊಡುತ್ತದೆ. ಬಹಳ ಜನ ತಳದ ಮಣ್ಣು ಬಾಚಿ ತರುವ ಗ್ರ್ಯಾಬ್ ಇಳಿಸುವುದು ನಕ್ಷೆಯ ಒಂದೊಂದು ಬಣ್ಣದ ನಟ್ಟನಡುವೆ, ಉತ್ತರ ಮೊದಲೇ ಗೊತ್ತಿರುವ ಜಾಗದಲ್ಲಿ. ನೀವು, ಎರಡು ಆವರ್ತನಗಳಲ್ಲಿ ಬೇರೆ ಬೇರೆ ಓಡಿಸಿದ್ದರೆ ಅವುಗಳ ಉತ್ತರ ಹೊಂದದ ಕಡೆ, ತಂದೆಯವರ ಮಾತಿಗೂ ನಿಮ್ಮ ಲೆಕ್ಕಕ್ಕೂ ತಾಳೆಯಾಗದ ಕಡೆ ಇಳಿಸಿ. ಗ್ರ್ಯಾಬ್ ಮೇಲೆ ಬಂದ ಕೂಡಲೇ ತಾಪಮಾನ ಅಳೆಯಿರಿ, ಗುಳ್ಳೆ ಏಳುತ್ತಿದೆಯೇ ನೋಡಿ, ಚಿಪ್ಪು ಎಷ್ಟಿದೆ ಎಂದು ಬರೆಯಿರಿ. ಜರಡಿ ಹಿಡಿಯುವ ಮೊದಲು ಚಿಪ್ಪನ್ನು ಬೇರೆ ಮಾಡಿ ಎಸೆದುಬಿಡಬೇಡಿ, ಸೋನಾರ್ ಕೇಳಿದ್ದು ಅದನ್ನೇ ಇರಬಹುದು.